ನೂರಾ ಹದಿನೆಂಟರಲ್ಲಿ ನಿಂತ ತಂಗಿ

ಎಲ್ಲಿಂದ ಶುರು ಮಾಡಲಿ? ಫೋನಿನಿಂದಲೋ, ತಂಗಿಯ ತೋಳಿನಿಂದಲೋ? ಫೋನಿನಿಂದ ಶುರು ಮಾಡಿದರೆ ಇದು ಯಾವುದೋ ಕಂಪನಿಯ ಕೈಪಿಡಿ ಎಂದುಕೊಂಡು ನೀವು ಪುಟ ಮಗುಚುತ್ತೀರಿ. ತೋಳಿನಿಂದ ಶುರು ಮಾಡಿದರೆ ನಾನೇ ಪೆನ್ನು ಕೆಳಗಿಡುತ್ತೇನೆ.

೧

ಒಂದಾನೊಂದು ಫೋನಿನಲ್ಲಿ ಒಂದು ವಿಜೆಟ್ ಇತ್ತು.

(ಬೇಡ. ಅಜ್ಜಿ ಕಥೆಯಾಯಿತು. ನನ್ನದು ಅಜ್ಜಿಯ ವಯಸ್ಸೇ, ಆದರೆ ಅದನ್ನು ಮೊದಲ ಸಾಲಿನಲ್ಲೇ ಡಂಗುರ ಸಾರಬೇಕೆ? ಆ ಸಾಲಿಗೆ ಗೆರೆ ಎಳೆದಿದ್ದೇನೆ, ಅಳಿಸಿಲ್ಲ. ತಪ್ಪನ್ನು ಒರೆಸಬೇಡಿ, ಎಲ್ಲಿ ತಪ್ಪಿದಿರಿ ಅಂತ ಕಾಣಬೇಕು ಎಂದು ನಾನು ಓದಿದ ಸಂಜೆ ಶಾಲೆಯ ಮೇಷ್ಟ್ರು ಹೇಳುತ್ತಿದ್ದರು.)

೨

ಒಬ್ಬಳು ಅಕ್ಕ. ಪುಸ್ತಕದ ಬೈಂಡಿಂಗ್ ಕೆಲಸ: ಹಾಳೆ ಮಡಿಸುವುದು, ಹೊಲಿಯುವುದು, ಬೆನ್ನಿಗೆ ಗೋಂದು ಸವರುವುದು. ಒಬ್ಬಳು ತಂಗಿ. ಮೂರು ಬೀದಿ ಆಚೆ ಒಬ್ಬಳೇ ಇದ್ದು ಕಿಟಕಿ ಪರದೆ ಹೊಲಿಯುತ್ತಾಳೆ. ತಂಗಿಗೆ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್. ಸಕ್ಕರೆ ತೀರಾ ಇಳಿದರೆ ಮೊದಲು ಕೈ ನಡುಗುತ್ತದೆ, ಆಮೇಲೆ ಎಚ್ಚರ ತಪ್ಪುತ್ತದೆ. ಅವಳ ತೋಳಿಗೆ ಕೋಟಿನ ಗುಂಡಿಯಂಥ ಒಂದು ಸೆನ್ಸರ್ ಅಂಟಿಸಿದೆ. ಅದು ಮೈಯೊಳಗಿನ ಸಕ್ಕರೆ ಅಳೆದು ಅವಳ ಫೋನಿಗೆ ಹೇಳುತ್ತದೆ. ಅವಳ ಫೋನು ಅಕ್ಕನ ಫೋನಿಗೆ ಹೇಳುತ್ತದೆ. ಅಕ್ಕನ ಫೋನಿನ ಪರದೆಯ ಮೇಲೇ ಒಂದು ಚೌಕ, ಚೌಕದೊಳಗೆ ದಪ್ಪ ಅಂಕಿ. ಆ್ಯಪ್ ತೆರೆಯಬೇಕಿಲ್ಲ, ಏನೂ ಒತ್ತಬೇಕಿಲ್ಲ, ಕಣ್ಣು ಹಾಯಿಸಿದರೆ ಆಯಿತು. ಅದೇ ವಿಜೆಟ್.

೩

ಆ ದಿನ ಬೆಳಿಗ್ಗೆ ಒಂಬತ್ತಕ್ಕೆ ಚೌಕದಲ್ಲಿ ನೂರಾ ಹದಿನೆಂಟು. ಹತ್ತೂವರೆಗೂ ನೂರಾ ಹದಿನೆಂಟು. ಎಂಥ ಲಕ್ಷಣವಾದ ಅಂಕಿ! ಗೋಂದಿನ ಕೈ ಒರೆಸಿಕೊಂಡು ಅಕ್ಕ ನೋಡಿದಾಗೆಲ್ಲ ಮನಸ್ಸು ಹಗುರ. ಹನ್ನೆರಡಕ್ಕೆ ಅನುಮಾನ ಹುಟ್ಟಿತು. ಜೀವ ಇರುವ ಮೈಯ ಅಂಕಿ ಹೀಗೆ ಕಲ್ಲಿನಂತೆ ನಿಲ್ಲುತ್ತದೆಯೇ? ಫೋನ್ ಮಾಡಿದಳು, ತಂಗಿ ಎತ್ತಲಿಲ್ಲ. ಕೆಲಸ ಬಿಟ್ಟು ಓಡಿದಳು. ತಂಗಿ ಹೊಲಿಗೆ ಯಂತ್ರದ ಪಕ್ಕ ಬಿದ್ದಿದ್ದಳು. ಇನ್ಸುಲಿನ್ ತೆಗೆದುಕೊಂಡಿದ್ದವಳು ಅರ್ಜೆಂಟ್ ಆರ್ಡರಿನ ಭರದಲ್ಲಿ ತಿನ್ನುವುದನ್ನೇ ಮರೆತಿದ್ದಳು; ಸಕ್ಕರೆ ಪಾತಾಳಕ್ಕೆ ಇಳಿದಿತ್ತು. ಅಕ್ಕ ಹೊತ್ತಿಗೆ ಸರಿಯಾಗಿ ಬಂದದ್ದರಿಂದ ಜೀವ ಉಳಿಯಿತು.

(ಹೇಗಿದೆ? ಕಣ್ಣು ಒದ್ದೆಯಾಯಿತಲ್ಲವೇ? ನನಗೂ ಆಯಿತು.)

೪

ಮಾರನೆಯ ದಿನ ಮೊಬೈಲ್ ರಿಪೇರಿಯವನ ಮುಂದೆ ಅಕ್ಕ ಫೋನು ಇಟ್ಟಳು.

"ಇದ್ರಲ್ಲಿ ಬ್ಯಾಟರಿ ಸೇವರ್ ಹಾಕಿದೆ ಅಮ್ಮ. ಯಾರು ಹಾಕಿದ್ದು?"

"ನಾನೇ ಕಣಪ್ಪ. ಚಾರ್ಜ್ ಮುಗಿದ್ರೆ ತಂಗಿ ಕಾಣಲ್ಲ ಅಂತ."

"ಅದಕ್ಕೇ ಕಾಣಿಸ್ಲಿಲ್ಲ. ವಿಜೆಟ್ ಅಂದ್ರೆ ಕಿಟಕಿ ಅಂದ್ಕೊಂಡಿದ್ದೀರಿ ನೀವು. ಅಲ್ಲ, ಅದು ಫೋಟೋ. ಆ್ಯಪ್ ಒಳಗಿಂದ ಆಗಾಗ ಹೊಸ ಫೋಟೋ ತಂದು ತಗಲಿಸುತ್ತೆ, ಅದೂ ಫೋನು ಬಿಟ್ಟಾಗ. ಸೇವರ್ ಹಾಕಿದ್ರೆ ಎಷ್ಟೋ ಸಲ ಬಿಡೋದೇ ಇಲ್ಲ. ಮೇಲೆ ಒಂದ್ಸಲ ತಟ್ಟಿದ್ರೆ ಆ್ಯಪ್ ತೆರ್ಕೊಂಡು ಹೊಸ ಅಂಕಿ ಬರ್ತಿತ್ತು. ತಟ್ಟಲಿಲ್ವಾ?"

"ಮುಟ್ಟಿದ್ರೆ ಎಲ್ಲಿ ಹಾಳಾಗುತ್ತೋ ಅಂತ..."

"ಸರಿಹೋಯ್ತು. ಕೆಳಗೆ ಸಣ್ಣಕ್ಷರದಲ್ಲಿ ಹೊತ್ತು ತೋರ್ಸುತ್ತೆ ನೋಡಿ, ಕೊನೇ ಸಲ ಯಾವಾಗ ಬದಲಾಗಿದ್ದು ಅಂತ."

ಅಕ್ಕ ಕನ್ನಡಕ ಏರಿಸಿದಳು. ಅಷ್ಟು ದಿನ ಅದನ್ನು ಚೌಕದ ಅಂಚಿನ ಗೆರೆ ಎಂದುಕೊಂಡಿದ್ದಳು.

೫

ಇಷ್ಟು ಬರೆದ ಮೇಲೆ ಪಾತ್ರವೇ ಮನೆಗೆ ಬಂತು. ಬಂದವಳು ಮೇಜಿನ ಮೇಲಿದ್ದ ಹಾಳೆಗಳನ್ನು ಹೇಳದೆ ಕೇಳದೆ ಎತ್ತಿಕೊಂಡಳು.

"ಇದೇನೇ ಅಕ್ಕ? ನೀನು ಯಾವಾಗ ಓಡಿ ಬಂದೆ?"

"ಕಥೆ ಕಣೇ."

"ಕಥೆಯಾದ್ರೆ? ನಾನು ಬಿದ್ದಿದ್ದು ನೋಡಿದ್ದು ಪರದೆ ಅಳತೆ ಕೊಡೋಕೆ ಬಂದ ಟೀಚರಮ್ಮ. ಆಂಬುಲೆನ್ಸ್ ಕರೆದಿದ್ದೂ ಅವರೇ. ನೀನು ಬಂದಿದ್ದು ಆಸ್ಪತ್ರೆಗೆ, ಸಾಯಂಕಾಲ. ಇದ್ರಲ್ಲಿ ಫೋನ್ ಮಾಡಿದಳು ಅಂತ ಬೇರೆ ಇದೆ. ಮಾಡಿದ್ಯಾ?"

ಮಾಡಿರಲಿಲ್ಲ.

"ಮೊದ್ಲು ದಿನಕ್ಕೆ ಮೂರು ಸಲ ಮಾಡ್ತಿದ್ದೆ. ತಿಂದ್ಯಾ, ಏನು ತಿಂದೆ, ಸುಳ್ಳು ಹೇಳ್ಬೇಡ ಅಂತ ಪ್ರಾಣ ಹಿಂಡ್ತಿದ್ದೆ. ಆ ಚೌಕ ಬಂದ್ಮೇಲೆ ನಿನ್ನ ಬಾಯಿಗೆ ಬೀಗ ಬಿತ್ತು."

"ಕಿರಿಕಿರಿ ಅಂತ ನೀನೇ ಬಯ್ತಿದ್ದೆಯಲ್ಲೇ."

"ಕಿರಿಕಿರೀನೇ. ಅದಿದ್ದಿದ್ರೆ ಅವತ್ತು ತಿಂದಿರ್ತಿದ್ದೆ."

೬

ಮೂರನೆಯ ಭಾಗಕ್ಕೆ ಉದ್ದಕ್ಕೆ ಗೆರೆ ಎಳೆದಿದ್ದೇನೆ. ಅಕ್ಕ ಎಂದರೆ ನಾನು. ಬೇರೆ ಯಾರದೋ ಕಥೆಯಂತೆ ಬರೆದರೆ ಭಾರ ಕಡಿಮೆಯಾದೀತು ಎಂದುಕೊಂಡಿದ್ದೆ.

ನಡೆದದ್ದು ಇಷ್ಟು. ಹನ್ನೆರಡಕ್ಕೆ ಅನುಮಾನ ಹುಟ್ಟಲಿಲ್ಲ. ಒಂದು ಗಂಟೆಗೂ ಇಲ್ಲ. ಅವಳನ್ನು ಸ್ಟ್ರೆಚರಿನ ಮೇಲೆ ಎತ್ತಿ ಹಾಕುತ್ತಿದ್ದ ಹೊತ್ತಿಗೆ ನಾನು ಪಕ್ಕದಲ್ಲಿ ಹಾಳೆ ಮಡಿಸುತ್ತಿದ್ದವಳಿಗೆ ಫೋನು ತೋರಿಸಿ, "ನೋಡ್ರೀ, ನನ್ನ ತಂಗಿ ಇವತ್ತು ಎಷ್ಟು ಚೆನ್ನಾಗಿದ್ದಾಳೆ" ಎನ್ನುತ್ತಿದ್ದೆ.

(ಇಲ್ಲಿ ತಮಾಷೆಯ ಒಂದು ಸಾಲು ಬರಬೇಕಿತ್ತು. ಬರುತ್ತಿಲ್ಲ.)

೭

"ಹಾಗಾದ್ರೆ ಕೊನೆ ಹೇಗೆ ಮಾಡ್ತೀಯ?" ಎಂದು ತಂಗಿ ಕೇಳುತ್ತಾಳೆ. ಮೂರು ಬರೆದಿದ್ದೇನೆ.

ಒಂದು: ನಾನು ವಿಜೆಟ್ ತೆಗೆದುಹಾಕಿ ಮತ್ತೆ ದಿನಕ್ಕೆ ಮೂರು ಸಲ ಫೋನ್ ಮಾಡುತ್ತೇನೆ. (ಬರೆಯುವ ಮೊದಲು ಮಾಡಿ ನೋಡಿದೆ. ಬೆರಳು ಒತ್ತಿ ಹಿಡಿದೆ, ಚೌಕ ಮೇಲೆದ್ದಿತು. ತೆಗೆಯುವ ಜಾಗದವರೆಗೂ ಎಳೆದುಕೊಂಡು ಹೋಗಿ ಹಾಗೇ ವಾಪಸ್ ತಂದುಬಿಟ್ಟೆ.)

ಎರಡು: ತಂಗಿ ತನ್ನ ಫೋನಿನಿಂದ ನನಗೆ ಅಂಕಿ ಕಳಿಸುವುದನ್ನು ನಿಲ್ಲಿಸುತ್ತಾಳೆ. ("ಅದು ನಾನು ಮಾಡೋ ಕೆಲಸ, ನೀನು ಹೇಗೆ ಬರೀತೀಯ?" ಎನ್ನುತ್ತಾಳೆ.)

ಮೂರು: ಅವತ್ತು ಟೀಚರಮ್ಮ ಬರಲೇ ಇಲ್ಲ. (ಇದಕ್ಕೆ ಗೆರೆ ಎಳೆಯಲಿಲ್ಲ. ಹಾಳೆಯನ್ನೇ ಹರಿದೆ. ಮೇಷ್ಟ್ರು ಕ್ಷಮಿಸಲಿ.)

೮

ಈಗ ಅವಳು ಎದುರಿನ ಕುರ್ಚಿಯಲ್ಲಿ ಕೂತು ಆರನೆಯ ಭಾಗ ಓದುತ್ತಿದ್ದಾಳೆ. ಬ್ಯಾಟರಿ ಸೇವರ್ ತೆಗೆಸಿ ತಿಂಗಳಾಯಿತು. ಆದರೂ ನಾನು ಒಂದು ಸಾಲು ಬರೆಯುವುದು, ಫೋನು ನೋಡುವುದು, ಇನ್ನೊಂದು ಸಾಲು ಬರೆಯುವುದು.

"ಎದುರಿಗೇ ಕೂತಿದ್ದೀನಲ್ಲೇ, ಅಲ್ಲೇನು ನೋಡ್ತೀಯ?"

"ಅಭ್ಯಾಸ."

"ಎಷ್ಟಿದ್ದೀನಿ?"

"ತೊಂಬತ್ತಾರು."

"ಯಾವಾಗಿಂದು?"

"ಹನ್ನೆರಡು ನಿಮಿಷದ ಹಿಂದಿಂದು."

"ಈಗ?"

ಇಲ್ಲಿ ಒಂದು ಅಂಕಿ ಬರೆದು ಕಥೆ ಮುಗಿಸಬಹುದು. ನೀವು ಓದುವ ಹೊತ್ತಿಗೆ ಅದು ಹಳಸಿರುತ್ತದೆ. ಅವಳ ಕೈಯಲ್ಲಿರುವ ಹಾಳೆಯ ತುದಿ ಸಣ್ಣಗೆ ನಡುಗುತ್ತಿದೆ. ಫ್ಯಾನಿನ ಗಾಳಿಗೆ ಇರಬಹುದು. ಫ್ಯಾನು ತಿರುಗುತ್ತಿದೆಯೋ ಇಲ್ಲವೋ, ತಲೆ ಎತ್ತಿ ನೋಡಬೇಕು. ಬರೆಯುತ್ತಾ ನೋಡಲಾಗುವುದಿಲ್ಲ.