ಸರದಿಯ ಕಡಸು

ಗುಡಾರದ ಗೋಡೆಗೆ ಮುಖ ಮಾಡಿ ಕೂತು, ಸತ್ತ ತಾಯಿಯ ಗುಣಗಳನ್ನು ರಾಗವಾಗಿ ಹಾಡಿಕೊಂಡು ಅಳುತ್ತಿದ್ದ ಜಿಪಾರ್ ಥಟ್ಟನೆ ನಿಲ್ಲಿಸಿದಳು. ಉಣ್ಣೆಯ ಗೋಡೆಯಾಚೆ ಯಾರೋ ಕಲ್ಲಿನ ಮೇಲೆ ಚೂರಿ ಮಸೆಯುತ್ತಿದ್ದರು.

"ನಿಲ್ಲಿಸಬೇಡ್ವೇ, ಆಚೆ ಕಣಿವೆಯೋರು ಬರ್ತಾ ಇದಾರೆ," ಎಂದು ಪಕ್ಕದ ಮನೆಯ ಬೂಬುಕಾನಜ್ಜಿ ತಿವಿದಳು.

"ಅಜ್ಜಿ, ಅದ್ಯಾರು ಚೂರಿ ಮಸೀತಿರೋದು?"

"ಇನ್ಯಾರು, ನಿನ್ನ ಚಿಕ್ಕಪ್ಪ ತುರ್ದುಬೆಕ್. ಬೆಳಗಿಂದ ಕೊಟ್ಟಿಗೆ ಸುತ್ತ ಸುಳೀತಾ ಇದಾನೆ."

ಹೆಣ ಹೊರಡುವ ತನಕ ಮಗಳಾದವಳು ಆ ಜಾಗ ಬಿಟ್ಟು ಏಳಬಾರದು. ಜಿಪಾರ್ ಎದ್ದೇಬಿಟ್ಟಳು. ಅಜ್ಜಿ ಒಮ್ಮೆ ಅವಳ ಮುಖ ನೋಡಿದಳು. "ಹೋಗು, ಹೋಗು. ನಿನ್ನ ಪಾಲಿನದನ್ನೂ ನಾನೇ ಅಳ್ತೀನಿ," ಎಂದು ದನಿ ಎತ್ತಿದಳು. ಎಂಥ ದನಿ! ಹೊರಗೆ ಕೋಲೂರಿ ನಿಂತಿದ್ದ ಗಂಡಸರೂ ಮತ್ತೊಮ್ಮೆ ಗೋಳಾಡಿದರು.

ತುರ್ದುಬೆಕ್ ಹೆಗಲ ಮೇಲೆ ಹಗ್ಗ ಹಾಕಿಕೊಂಡು ಕೊಟ್ಟಿಗೆ ಬಾಗಿಲಲ್ಲಿದ್ದ. ಅವನ ಕಣ್ಣುಗಳೂ ಕೆಂಪಾಗಿದ್ದವು. ಅತ್ತಿಗೆಯೆಂದರೆ ಅವನಿಗೆ ಪ್ರಾಣ, ಅದರಲ್ಲಿ ಎರಡು ಮಾತಿಲ್ಲ.

"ಹಸು ನಿನಗಿರಲಿ ಮಗಳೇ, ನಾನೇನು ಕಲ್ಲಲ್ಲ. ಬಂದೋರ ಊಟಕ್ಕೆ ಆ ಕಡಸು ಬಿದ್ರೆ ಸಾಕು."

"ಅದು ನಮ್ಮದಲ್ಲ ಚಿಕ್ಕಪ್ಪ. ಅದು ಸಬೀರಾಳ ಸರದಿ. ಅಮ್ಮ ಮಾತು ಕೊಟ್ಟಿದ್ಲು."

"ನಿಮ್ಮಮ್ಮ ಹೋದ್ಲು, ಸರದಿನೂ ಹೋಯ್ತು! ಎರಡು ಕಣಿವೆ ಜನ ಬರ್ತಾರೆ. ಬರೀ ಚಹಾ ಕುಡಿಸಿ ಕಳಿಸಿದ್ರೆ ನನ್ನ ಮುಖಕ್ಕೆ ಉಗೀತಾರೆ. ಸಾಯ್ರಕಾನಳನ್ನ ಭಿಕ್ಷುಕಿ ಥರ ಮಣ್ಣು ಮಾಡಿದ್ರು ಅಂತಾರೆ. ನಿನಗೆ ಆಗಬಹುದು, ನನ್ನ ಕೈಲಾಗಲ್ಲ."

*

ಜಿಪಾರಳ ಅಪ್ಪ ಸತ್ತಾಗ ಹೀಗಾಗಿರಲಿಲ್ಲ. ಕುದುರೆ ಬಿತ್ತು, ಎರಡು ಹಸುವೂ ಬಿದ್ದವು. ಉಂಡವರೆಲ್ಲ, ಆಹಾ, ಸಾವೆಂದರೆ ಹೀಗಿರಬೇಕು ಎಂದು ಹೊಗಳುತ್ತ ಕೈ ಒರೆಸಿಕೊಂಡು ಹೋದರು. ಸರ್ಕಾರಿ ಡೈರಿ ಮುಚ್ಚಿ, ಅಮ್ಮ ಸಾಯ್ರಕಾನಳ ಹಾಲು ಕರೆಯುವ ಕೆಲಸ ಹೋಗಿದ್ದೂ ಅದೇ ವರ್ಷ. ಆ ಚಳಿಗಾಲವಿಡೀ ತಾಯಿ ಮಗಳು ಹಾಲಿಲ್ಲದ ಚಹಾದಲ್ಲಿ ಒಣರೊಟ್ಟಿ ಅದ್ದಿ ತಿಂದರು.

ಬಡವರ ಭತ್ಯೆ ಕೇಳಲು ಹೋದರೆ ಕಚೇರಿಯಲ್ಲಿ ಕೂತಿದ್ದವನು ದನಗಳ ಪಟ್ಟಿಯಿಂದ ತಲೆಯನ್ನೂ ಎತ್ತಲಿಲ್ಲ. "ನಿಮ್ಮ ಮನೇಲಿ ಎರಡು ಹಸು ಇದೆಯಲ್ಲಮ್ಮ. ನೀವು ಬಡವರಲ್ಲ."

"ಅವನ್ನ ಊರೇ ತಿಂದಿದೆ ಸ್ವಾಮಿ. ಬೇಕಾದ್ರೆ ಊರಿನ ಹೊಟ್ಟೆ ಬಗೆದು ನೋಡಿ."

"ಮುಂದಿನ ದನಗಣತಿವರೆಗೂ ಕಾಯ್ಬೇಕು."

ಸಾಯ್ರಕಾನ್ ಕಾಯುವ ಹೆಂಗಸಲ್ಲ. ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಹೋಗಿ ಬೇಸಿಗೆಯಿಡೀ ಉಳ್ಳವರ ಹಸು ಕರೆದಳು. ಕೂಲಿಗೆಂದು ಅವರು ಕೊಟ್ಟದ್ದು ಇನ್ನೇನು ಸಾಯುತ್ತದೆ ಎನ್ನುವಂಥ ಒಂದು ಕೆಂಪು ಹೆಣ್ಣುಕರು. ಹಣೆಯಲ್ಲಿ ಬಿಳಿ ಚುಕ್ಕೆ. ಅದನ್ನು ಒಲೆಯ ಪಕ್ಕ ಮಲಗಿಸಿಕೊಂಡು, ಮಗಳ ಹೊದಿಕೆಯನ್ನೇ ಹೊದಿಸಿ, ಅಂತೂ ಬದುಕಿಸಿದಳು. "ಅವತ್ತು ನನಗಿಂತ ಅದರ ಮೇಲೇ ನಿನಗೆ ಜಾಸ್ತಿ ಪ್ರೀತಿ ಇತ್ತು," ಎಂದು ದೊಡ್ಡವಳಾದ ಮೇಲೂ ಜಿಪಾರ್ ರೇಗಿಸುತ್ತಿದ್ದಳು.

ಅದು ಬೆಳೆದು ಈದ ಮೊದಲ ಹೆಣ್ಣುಕರುವನ್ನು ಸಾಯ್ರಕಾನ್ ತನ್ನಲ್ಲಿ ಇಟ್ಟುಕೊಳ್ಳಲಿಲ್ಲ. ಹಸುವಿಲ್ಲದ ಮನೆಯೊಂದಕ್ಕೆ ಹೊಡೆದುಕೊಂಡು ಹೋಗಿ ಕಟ್ಟಿದಳು. "ಇದು ಹಾಕೋ ಮೊದಲ ಹೆಣ್ಣುಕರು ಇನ್ನೊಂದು ಮನೆಗೆ. ಮದುವೆಗಾಗ್ಲಿ ಸಾವಿಗಾಗ್ಲಿ ಇದರ ಕತ್ತಿಗೆ ಚೂರಿ ಇಡೋ ಹಾಗಿಲ್ಲ," ಎಂದಳು. ಆಮೇಲೆ ಹುಟ್ಟಿದ ಹೆಣ್ಣುಕರುಗಳೂ ಹೀಗೇ ಸರದಿಯಂತೆ ಹಸುವಿಲ್ಲದ ಮನೆಗಳಿಗೆ ಹೋದವು. ಕೊಟ್ಟು ಸುಮ್ಮನಾಗುವವಳೂ ಅಲ್ಲ. ಬೆಳಗಾಗುವಷ್ಟರಲ್ಲಿ ಹೋಗಿ ಕೆಚ್ಚಲು ಮುಟ್ಟಿ ನೋಡುವಳು, ಕರೆಯಲು ಬಾರದ ಸೊಸೆಯರನ್ನು ಬೈದು ಕಲಿಸುವಳು. ಹಸುಗಳು ಹೆಚ್ಚಾದ ಮೇಲೆ ಪಟ್ಟಣದ ಹಾಲಿನ ಗಾಡಿಗೆ ಅಡ್ಡ ನಿಂತು, "ನಮ್ಮೂರಿಗೂ ಬಾ, ಇಲ್ಲಾಂದ್ರೆ ನನ್ನ ಮೇಲೇ ಹತ್ತಿಸ್ಕೊಂಡು ಹೋಗು," ಎಂದಳು. ಗಾಡಿ ಬಂತು. ಊರಿನ ಹೆಂಗಸರ ಕೈಯಲ್ಲಿ ಮೊದಲ ಸಲ ತಮ್ಮದೇ ಸಂಪಾದನೆ ಆಡಿತು.

*

ಅಂಗಳದಲ್ಲಿ ಸಬೀರಾ ಚಹಾ ಕಾಯಿಸುವ ಸಮೋವಾರಿಗೆ ಕೆಂಡ ತುಂಬುತ್ತಿದ್ದಳು. ಗಂಡ ರಷ್ಯಾಕ್ಕೆ ಕೂಲಿಗೆಂದು ಹೋದವನ ಸುದ್ದಿಯೇ ಇಲ್ಲ. ಮನೆಯಲ್ಲಿ ಮೂರು ಪುಟ್ಟ ಬಾಯಿಗಳು. ಗಲಾಟೆ ಕೇಳಿ ಓಡಿಬಂದಳು.

"ಜಿಪಾರ್, ನನಗೋಸ್ಕರ ಜಗಳ ಬೇಡ ಕಣೇ. ಸಾಯ್ರಕಾನಕ್ಕನಿಗೆ ಮರ್ಯಾದೆ ಆಗ್ಲಿ. ಇಷ್ಟು ದಿನ ಕಾದಿಲ್ವಾ, ಇನ್ನೂ ಕಾಯ್ತೀನಿ."

ಅವಳ ದನಿ ಕೇಳಿದ್ದೇ ತಡ, ಒಳಗಿದ್ದ ಕಡಸು ಅಂಬಾ ಎಂದು ಬಾಗಿಲಿಗೆ ಬಂದು ಅವಳ ತೋಳು ನೆಕ್ಕತೊಡಗಿತು.

"ಇದಕ್ಕೆ ನಿನ್ನ ಗುರುತು ಹೇಗೆ?" ಎಂದ ತುರ್ದುಬೆಕ್.

"ದಿನಾ ಸಂಜೆ ಹುಲ್ಲು ತರ್ತೀನಿ. ಹೊಸ ಮನೆಗೆ ಬಂದಾಗ ಹೆದರಬಾರದು, ಈಗ್ಲೇ ಸ್ನೇಹ ಮಾಡ್ಕೋ ಅಂತ ಅಕ್ಕ ಹೇಳಿದ್ಲು." ಅಷ್ಟು ಹೇಳಿ ಸಬೀರಾ ಮುಖ ತಿರುಗಿಸಿಕೊಂಡಳು.

ಜಿಪಾರ್ ಮೆಲ್ಲಗೆ ಕೇಳಿದಳು, "ಚಿಕ್ಕಪ್ಪ, ಬೆಳಿಗ್ಗೆ ನೀವು ಕುಡಿದ ಚಹಾಕ್ಕೆ ಹಾಲೆಲ್ಲಿಂದ ಬಂತು?"

ಅವನ ವಿಧವೆ ಮಗಳ ಕೊಟ್ಟಿಗೆಯಲ್ಲೂ ಒಂದು ಕೆಂಪು ಹಸುವಿದೆ, ಹಣೆಯಲ್ಲಿ ಬಿಳಿ ಚುಕ್ಕೆ. ಅದು ಊರಿಗೆಲ್ಲ ಗೊತ್ತು. ತುರ್ದುಬೆಕ್ ಹಗ್ಗ ಹೆಗಲಲ್ಲೇ ಇಟ್ಟುಕೊಂಡು ಸರಸರನೆ ಹೊರಟುಹೋದ. ಒಪ್ಪಿದನೋ ಇಲ್ಲವೋ ತಿಳಿಯದೆ ಜಿಪಾರ್ ಗುಡಾರಕ್ಕೆ ಮರಳಿದಳು.

ಮಧ್ಯಾಹ್ನ ಹೆಣವನ್ನು ಹೊರಗೆ ತಂದರು. ವಾಡಿಕೆಯಂತೆ ಮನೆಯ ಹಿರಿಯನಾದವನು ಜನರೆದುರು ನಿಂತು ಸತ್ತವರ ಬಗ್ಗೆ ಕೇಳಬೇಕು. ತುರ್ದುಬೆಕ್ ಕೇಳಿದ, "ಇವಳು ಎಂಥವಳಾಗಿದ್ಲು?"

"ಒಳ್ಳೆಯವಳು! ಒಳ್ಳೆಯವಳು!"

ಅಲ್ಲಿಗೆ ಮುಗಿಯಬೇಕಿತ್ತು. ಅವನು ಟೊಪ್ಪಿ ಸರಿಮಾಡಿಕೊಂಡ. "ಇವತ್ತು ಈ ಮನೇಲಿ ಯಾವ ಪ್ರಾಣಿನೂ ಬಿದ್ದಿಲ್ಲ. ರೊಟ್ಟಿ ಇದೆ, ಚಹಾ ಇದೆ, ಮನೆಮನೆಯಿಂದ ಕೆನೆ ಬಂದಿದೆ. ಇದು ಅತ್ತಿಗೆ ಮಾತು. ಬೈಯೋರು ನನ್ನ ಬೈಕೊಳ್ಳಿ, ಅವಳನ್ನಲ್ಲ."

"ಇಷ್ಟು ದೂರ ಬಂದಿದ್ದು ಕೆನೆ ನೆಕ್ಕೋಕಾ?" ಎಂದು ಹಿಂದಿನಿಂದ ಯಾರೋ ಗೊಣಗಿದರು.

"ನೆಕ್ಕಪ್ಪಾ, ನೆಕ್ಕು. ಆ ಕೆನೆ ಕೊಟ್ಟ ಹಸುಗಳೂ ಅವಳವೇ!" ಎಂದಳು ಬೂಬುಕಾನಜ್ಜಿ, ಗುಡಾರದೊಳಗಿಂದಲೇ. ಗುಡಾರದಲ್ಲಿ ಜಿಪಾರ್ ಅಜ್ಜಿಯ ಮಡಿಲಿಗೆ ಮುಖ ಹುದುಗಿಸಿದಳು. ಆಗ ಬಂತು ನಿಜವಾದ ಅಳು.

ಹೆಂಗಸರು ಮಸಣಕ್ಕೆ ಹೋಗುವುದಿಲ್ಲ. ಮಣ್ಣು ಕೊಟ್ಟು ಗಂಡಸರು ಹಿಂತಿರುಗಿದಾಗ ಜಿಪಾರ್ ಕೈತೊಳೆಯುವ ನೀರು ಹಿಡಿದು ನಿಂತಿದ್ದಳು. ತುರ್ದುಬೆಕ್ ಅವಳನ್ನು ದಾಟಿ ನೇರವಾಗಿ ಕೊಟ್ಟಿಗೆಗೆ ನಡೆದ. ಕಾಲು ಕಟ್ಟಿ ಕೆಡವಲೆಂದು ತಂದಿದ್ದ ಹಗ್ಗವನ್ನು ಕಡಸಿನ ಕೊರಳಿಗೆ ಸಡಿಲವಾಗಿ ಹಾಕಿ ಹೊರಗೆ ತಂದ. ಸಬೀರಾ ತನ್ನ ಮನೆಯ ಬೇಲಿ ತೆರೆಯಲು ಮುಂದೆ ಓಡಿದಳು. ದಾರಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದ ಜನ, ಮಧ್ಯಾಹ್ನ ಹೆಣಕ್ಕೆ ಎದ್ದು ನಿಂತ ಹಾಗೆಯೇ, ಬಟ್ಟಲು ಕೆಳಗಿಟ್ಟು ಎದ್ದು ನಿಂತು ದಾರಿ ಬಿಟ್ಟರು.