ಲಂಗದ ಅಂಚಿನ ಬೆಲ್ಲ

ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾಗಿ ಎರಡು ವರ್ಷವಾಗಿತ್ತು. ಆದರೂ ನಮ್ಮೂರು ಹೊಳಲಿನಲ್ಲಿ ಆಲೆಮನೆ ಹೂಡಿದರೆ ಮಕ್ಕಳನ್ನು ಹಿಡಿಯುವವರೇ ಇರಲಿಲ್ಲ. ನನ್ನ ಮಗಳು ಸೋಮಿ ಬಿಸಿ ಬೆಲ್ಲ ನೆಕ್ಕಿ, ಬಾಯಿ ಸುಟ್ಟುಕೊಂಡು, ಊರಿಗೆಲ್ಲ ಕೇಳುವಂತೆ ಅರಚುತ್ತಿದ್ದಳು.

ಪಕ್ಕದ ಮನೆಯ ಸಣ್ಣತಾಯಮ್ಮ ಸಾಕಿಕೊಂಡಿದ್ದ ಅಣ್ಣನ ಮಗಳು ಕೆಂಪಿ ಹಾಗಲ್ಲ. ತಾಯಿಯಿಲ್ಲದ ಮಗು. ಅಪ್ಪ ಅಂಕಯ್ಯ ನಾಲೆ ತೋಡುವ ಕೆಲಸಕ್ಕೆ ದೂರ ಹೋಗಿದ್ದ. ಕೆಂಪಿ ಕೊಟ್ಟಿಗೆ ಬಾಚುತ್ತಿದ್ದಳು, ನೀರು ಹೊರುತ್ತಿದ್ದಳು, ತುಟಿಪಿಟಕ್ ಎನ್ನುತ್ತಿರಲಿಲ್ಲ. ಕೊಟ್ಟ ಬೆಲ್ಲವನ್ನೂ ತಿನ್ನದೆ ಲಂಗದ ಅಂಚಿಗೆ ಗಂಟು ಹಾಕುತ್ತಿದ್ದಳು. ಅತ್ತೆಗೆ ಒಯ್ಯುತ್ತಾಳೆ ಎಂದುಕೊಂಡು ನನ್ನ ಹೊಟ್ಟೆ ಉರಿಯುತ್ತಿತ್ತು. "ಮಗಾ ಅಂದ್ರೆ ಅದು ಕಣೇ! ನೀನೂ ಇದೀಯ ದಂಡಕ್ಕೆ!" ಎಂದು ಸೋಮಿಯ ಬೆನ್ನಿಗೆ ಗುದ್ದಿದ್ದೂ ಉಂಟು. ಥೂ, ನನ್ನ ಬುದ್ಧಿಗಿಷ್ಟು!

ಒಂದು ದಿನ ಬಾಣಂತಿಯೊಬ್ಬಳನ್ನು ನೋಡಲು ಬಂದ ನರ್ಸು ಪಂಕಜಮ್ಮ ಆಲೆಮನೆ ಹತ್ತಿರ ನಿಂತರು.

"ನೋಡಿ ನರ್ಸಮ್ಮ, ಆ ಸಣ್ಣತಾಯಿ ಅದೃಷ್ಟಾನ! ಮಗೀನ ಎಂಗೆ ತಿದ್ದವ್ಳೆ," ಎಂದೆ.

ಅಲ್ಲೇ ಲಂಗಕ್ಕೆ ಬೆಲ್ಲ ಗಂಟು ಹಾಕುತ್ತಿದ್ದ ಕೆಂಪಿಯ ಕೆದರಿದ ಕೂದಲು ಸರಿಮಾಡಲು ಪಂಕಜಮ್ಮ ಕೈ ಎತ್ತಿದರು. ಕೆಂಪಿ ಎರಡೂ ತೋಳಿನಿಂದ ತಲೆ ಮುಚ್ಚಿಕೊಂಡು ಕುಸಿದಳು. ಉದ್ದ ತೋಳಿನ ರವಿಕೆ ಮೇಲೆ ಸರಿಯಿತು. ತೋಳಿನ ಮೇಲೆ ಒಂದು ಬರೆ ಮಾಗಿತ್ತು, ಪಕ್ಕದ್ದು ಇನ್ನೂ ಹಸಿಯಾಗಿತ್ತು.

"ಆ ಬೆಲ್ಲ ಯಾರಿಗಮ್ಮ?" ಪಂಕಜಮ್ಮ ಮೆಲ್ಲಗೆ ಕೇಳಿದರು.

"ನಂಗೇಯ. ರಾತ್ರಿಕೆ. ಅತ್ತೆ ಉಣ್ಣಾಕ್ ಇಕ್ಕಕಿಲ್ಲ."

ನಾನು ಹೆದರಿ, "ಕಂಡೋರ ಮನೆ ಉಸಾಬರಿ ನಮಗ್ಯಾಕಮ್ಮ? ಅವ್ಳು ಬೀದೀಲಿ ಬಾಯ್ ಬಡ್ಕೋತಾಳೆ," ಎಂದೆ.

"ಬಡ್ಕೊಳ್ಳಲಿ! ಮಕ್ಕಳು ಹಟ ಮಾಡ್ತಾರೆ, ಅಳ್ತಾರೆ. ಕೈ ಎತ್ತಿದರೆ ಬೆಚ್ಚೋದು, ತಿಂಡಿ ಬಚ್ಚಿಡೋದು, ಗಾಯ ಮುಚ್ಚಿಕೊಳ್ಳೋದು ಒಳ್ಳೇತನ ಅಲ್ಲ ಮಂಚಮ್ಮ, ಭಯ. ಅತ್ತೆ ಎದುರಿಗೆ ಮಗೂನ ಕೇಳಬೇಡಿ, ಆಮೇಲೆ ಇನ್ನೂ ಹೊಡೀತಾಳೆ. ಪಟೇಲರಿಗೆ ತಿಳಿಸಿ, ಅವರಪ್ಪನ್ನ ಕರೆಸಿ."

"ಅಲ್ಲೀಗಂಟ ನಮ್ಮನೇಲೇ ಇರ್ಲಿ ಬುಡಿ," ಎಂದೆ.

ಸಣ್ಣತಾಯಮ್ಮ ಬಂದು ಕೂಗಾಡಿದಳು. ಪಟೇಲರು ಗದರಿಸಿದ ಮೇಲೆ ಬಾಯಿ ಮುಚ್ಚಿದಳು. ಮೂರನೆಯ ದಿನ ಬಂದ ಅಂಕಯ್ಯ ಮಗಳ ತೋಳು ನೋಡಿ ಗೊಳೋ ಎಂದು ಅತ್ತ. ಈಗ ನಾಲೆ ಕೆಲಸ ಬಿಟ್ಟು, ಊರಲ್ಲೇ ಬೇರೆ ಮನೆ ಮಾಡಿ ಮಗಳನ್ನು ನೋಡಿಕೊಳ್ಳುತ್ತಿದ್ದಾನೆ. ಮೊನ್ನೆ ಕೆಂಪಿ ಸೋಮಿಯ ಕೈಯಿಂದ ಬೆಲ್ಲ ಕಿತ್ತು ತಿಂದಳು. ಇಬ್ಬರೂ ಜುಟ್ಟು ಹಿಡಿದು ಕಿತ್ತಾಡಿದರು. ನಾನು ಬೈಯಲಿಲ್ಲ.

ಅಕ್ಕಂದಿರೇ, ನಿಮ್ಮ ಬೀದಿಯಲ್ಲೂ ಸದ್ದೇ ಮಾಡದ ಮಗು ಇದ್ದರೆ ನನ್ನ ಹಾಗೆ ಹೊಟ್ಟೆಕಿಚ್ಚು ಪಡಬೇಡಿ. ಹತ್ತಿರ ಕರೆದು ಒಂದು ಮಾತು ಕೇಳಿ: "ಉಂಡೇನ್ ಮಗಾ?"