ಒಂದೇ ಕಂಪನಿಯ ರ್ಯಾಮ್

ಮದುವೆಯಾದ ಮೇಲೆ ಬಿಟ್ಟಿದ್ದ ಓದನ್ನು ಅಕ್ಕ ಮತ್ತೆ ಹಿಡಿದು, ಆರು ವರ್ಷ ಎಳೆದು, ಕೊನೆಯ ಪೇಪರಿಗೆ ಬಂದು ನಿಂತಿದ್ದಳು. ಇದು ತಪ್ಪಿದರೆ ಎಲ್ಲ ಮೊದಲಿನಿಂದ. ಅವತ್ತು ಬೆಳಿಗ್ಗೆ ಹತ್ತಕ್ಕೆ ಮನೆಯಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ಬರೆಯುವ ಪರೀಕ್ಷೆ. ಬರೆಯುವವರು ಕಾಪಿ ಹೊಡೆಯದಂತೆ ಮುಖ ಕಾಯುವ ಸಾಫ್ಟ್‌ವೇರ್‌ಗೆ ಎಂಟು ಜಿಬಿ ರ್ಯಾಮ್ ಬೇಕು. ಅವಳ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ನಾಲ್ಕು.

ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ಐದು ವರ್ಷದಿಂದ ರಿಪೇರಿ ಅಂಗಡಿಯಲ್ಲಿ ಲ್ಯಾಪ್‌ಟಾಪ್ ಬಿಚ್ಚುವುದೇ ಕೆಲಸ. ಬೇರೆ ಕಂಪನಿಯ ಸತ್ತ ಲ್ಯಾಪ್‌ಟಾಪಿನಿಂದ ತೆಗೆದ ನಾಲ್ಕು ಜಿಬಿ ರ್ಯಾಮನ್ನು ಪರೀಕ್ಷಿಸಿ, ಜೇಬಿಗೆ ಹಾಕಿಕೊಂಡು ಒಂಬತ್ತಕ್ಕೆಲ್ಲ ಅಕ್ಕನ ಮನೆಗೆ ಹೋದೆ.

ಅಷ್ಟರಲ್ಲಿ ಭಾವ ತಾನೇ ಒಂದು ರ್ಯಾಮ್ ತಂದಿಟ್ಟುಕೊಂಡು, ಲ್ಯಾಪ್‌ಟಾಪಿನ ಹೊಟ್ಟೆ ಬಿಚ್ಚಿ ಕೂತಿದ್ದ. ಭಾವ ಎಂಜಿನಿಯರ್. ಚರಂಡಿ, ಮೋರಿ ಕಟ್ಟಿಸುವ ಎಂಜಿನಿಯರ್.

"ನಿಂದು ಬೇರೆ ಕಂಪನಿದು ಕಣೋ, ಸೇರಲ್ಲ. ನೋಡು, ನಾನು ಅದೇ ಕಂಪನಿದೇ ಹುಡುಕಿ ತಂದಿದೀನಿ. ಒಂದೇ ಮನೆತನ!"

"ಮನೆತನ ನೋಡಿ ಕೊಟ್ಟ ಹೆಣ್ಣುಮಕ್ಕಳೆಲ್ಲ ಸುಖವಾಗಿದಾರಾ ಭಾವ?" ಅಂದೆ. "ಹೆಸರು ಯಾವುದಾದ್ರೇನು, ಜನರೇಷನ್ ಒಂದಾಗ್ಬೇಕು. ನೀವು ತಂದಿರೋದು ಹಳೇ ಡಿಡಿಆರ್ ತ್ರೀ. ಇದಕ್ಕೆ ಬೇಕಾಗಿರೋದು ಫೋರ್. ಆ ಕಚ್ಚು ನೋಡಿ, ಜಾಗವೇ ಬೇರೆ ಇದೆ. ಕೂರೋದೇ ಇಲ್ಲ."

"ಕೂರಿಸಿದ್ರೆ ಕೂರುತ್ತೆ. ಎಂಟನೇ ಕ್ಲಾಸಿನವನ ಹತ್ರ ನಾನು ಪಾಠ ಹೇಳಿಸ್ಕೋಬೇಕಾ?"

ಅಕ್ಕನ ಮುಖ ನೋಡಿದೆ. ಹಿತ್ತಲ ಗಿಡ ಮದ್ದಲ್ಲವಲ್ಲ! "ಅವ್ರು ಓದಿದೋರು ಕಣೋ, ಸ್ವಲ್ಪ ಸುಮ್ನಿರು" ಅಂದಳು.

ಭಾವ ಎರಡು ಹೆಬ್ಬೆರಳು ಇಟ್ಟು ಒತ್ತಿದ. ಕೂರಲಿಲ್ಲ. ಹಲ್ಲು ಕಚ್ಚಿ ಒತ್ತಿದ. ಟಕ್ ಅಂತು. ರ್ಯಾಮ್ ಕೂರುವ ಖಾಲಿ ಸ್ಲಾಟಿನ ಒಂದು ಪಕ್ಕದ ಕೊಂಡಿ ಮುರಿದು ನೆಲಕ್ಕೆ ಬಿತ್ತು. ಒಳಗಿನ ಸಣ್ಣ ತಂತಿಗಳು ಬಾಚಣಿಗೆಯ ಹಲ್ಲು ಬಗ್ಗಿದ ಹಾಗೆ ಬಗ್ಗಿದ್ದವು.

ನನಗೆ ಪಿತ್ತ ನೆತ್ತಿಗೇರಿತು. ಆದರೂ ತಡೆದುಕೊಂಡೆ. "ಅಕ್ಕ, ಇನ್ನೂ ಕಾಲ ಮಿಂಚಿಲ್ಲ. ಇನ್ನೊಂದು ಸ್ಲಾಟ್ ಚೆನ್ನಾಗಿದೆ. ಅದರಲ್ಲಿರೋ ನಾಲ್ಕನ್ನ ತೆಗೆದು ಎಂಟು ಜಿಬಿದು ಒಂದೇ ಹಾಕಿದ್ರೆ ಆಯ್ತು. ಅಂಗಡೀಲಿದೆ. ಹೋಗಿ ಬರೋಕೆ ಇಪ್ಪತ್ತು ನಿಮಿಷ."

"ಅದೂ ಬೇರೆ ಕಂಪನಿದೇನಾ?" ಅಂತ ಕೇಳಿದಳು ಅಕ್ಕ.

"ಹೂಂ. ಆದ್ರೇನೀಗ?"

ಅವಳು ಭಾವನ ಕಡೆ ನೋಡಿದಳು. ಭಾವ ಲ್ಯಾಪ್‌ಟಾಪನ್ನು ತೊಡೆಗೆಳೆದುಕೊಂಡು, "ಇರೋದೂ ಸುಟ್ಟುಹೋದ್ರೆ? ಕಂಪನಿಯೋರಿಗೇ ಫೋನ್ ಮಾಡ್ತೀನಿ" ಅಂದ.

"ಬೇಡ ಬಿಡೋ. ನೀನು ಮುಟ್ಬೇಡ" ಅಂದಳು ಅಕ್ಕ.

ಕಂಪನಿಯ ಫೋನಿನಲ್ಲಿ ಸಂಗೀತ ಬಂತು. ಒಂದು ಒತ್ತಿ, ಎರಡು ಒತ್ತಿ, ಮತ್ತೆ ಸಂಗೀತ. ನಾನು ಗೋಡೆಗೊರಗಿ ನಿಂತೇ ಇದ್ದೆ. ಒಂಬತ್ತೂಮುಕ್ಕಾಲಕ್ಕೆ ಇನ್ನೊಂದು ಸಲ ಹೇಳಿದೆ. ಯಾರೂ ತಲೆ ಎತ್ತಲಿಲ್ಲ. ಹತ್ತೂಕಾಲಕ್ಕೆ ಪರೀಕ್ಷೆಯ ಬಾಗಿಲು ಮುಚ್ಚಿತೆಂದು ಅಕ್ಕನ ಮೊಬೈಲಿಗೆ ಸಂದೇಶ ಬಂತು. ಅವಳು ಅಳಲಿಲ್ಲ. ಮೇಜಿನ ಮೇಲೆ ಜೋಡಿಸಿಟ್ಟಿದ್ದ ಪೆನ್ನು, ಬಿಳಿ ಹಾಳೆಗಳನ್ನು ಒಂದೊಂದಾಗಿ ಎತ್ತಿಟ್ಟಳು.

ಅಷ್ಟರಲ್ಲಿ ಅಮ್ಮನ ಫೋನ್ ಬಂತು. ಭಾವನೇ ಎತ್ತಿಕೊಂಡು ಸ್ಪೀಕರಿಗೆ ಹಾಕಿದ.

"ಏನು ಹೇಳೋದು ಅತ್ತೆ, ನಿಮ್ಮ ಮಗ ಬಂದು ಅದೇನೋ ಕೈಹಾಕಿದ. ಲ್ಯಾಪ್‌ಟಾಪೇ ಕೆಟ್ಟುಹೋಯ್ತು."

"ಅಯ್ಯೋ, ಆ ಮುಂಡೇದನ್ನ ಯಾಕಪ್ಪಾ ಮುಟ್ಟೋಕೆ ಬಿಟ್ರಿ?" ಅಂದಳು ಅಮ್ಮ. "ಹೌದೇನೇ, ಅವನೇ ಕೆಡಿಸಿದ್ನಾ?"

 ನಿಜ ಏನಂತ ಅಕ್ಕನೇ ಹೇಳಲಿ ಅಂತ ಕಾದೆ. ಅವಳು ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

"ಹೂಂ ಅಮ್ಮ" ಅಂದಳು.

ಚಪ್ಪಲಿ ಮೆಟ್ಟಿಕೊಂಡು ಹೊರಟೆ. "ಊಟ ಮಾಡ್ಕೊಂಡು ಹೋಗೋ" ಅಂತ ಹಿಂದಿನಿಂದ ಕೂಗಿದಳು. ತಿರುಗಿ ನೋಡಲಿಲ್ಲ.